ಬೈದು ಕಿವಿ ತೆರೆಸಿದವಳು

ನಮ್ಮೂರಲ್ಲಿ ಮಗಳಿಗೆ ಒಳ್ಳೆಯ ವರ ಸಿಗುವುದು ಸುಲಭ, ತನಗೊಬ್ಬ ಒಳ್ಳೆಯ ವೈರಿ ಸಿಗುವುದು ಕಷ್ಟ. ವರನನ್ನು ಬೇರೆ ಊರಿಂದಲಾದರೂ ತರಬಹುದು. ವೈರಿ ಮಾತ್ರ ನಮ್ಮೂರವನೇ ಆಗಿರಬೇಕು, ದಿನಾ ಬಂದು ಎದುರು ಕೂತು ಬೈಯುವಷ್ಟು ಹತ್ತಿರ ಮನೆಯಿರಬೇಕು, ಬೈಗುಳ ಮನಸಾರೆ ಬರಬೇಕು. ಇಷ್ಟೆಲ್ಲ ಕೂಡಿಬರುವ ಯೋಗ ಎಲ್ಲರ ಹಣೆಯಲ್ಲೂ ಬರೆದಿರುವುದಿಲ್ಲ.

ಐವತ್ತರ ಆಚೀಚೆ ನಮ್ಮೂರವರ ಕಿವಿ ಹೋಗುತ್ತದೆ. ಬೇರೆ ಊರುಗಳಲ್ಲಿ ಕೂದಲು ನೆರೆಯುವ ಹಾಗೆ. ಅದಕ್ಕೆ ಯಾರೂ ಅಳುವುದಿಲ್ಲ. ಆಸ್ಪತ್ರೆಗೆ ಹೋಗಿ, ಕಿವಿಯ ಹಿಂದೆ ಕೊಯ್ಸಿಕೊಂಡು, ಒಳಗೊಂದು ಎಳೆ ತಂತಿ ಇಡಿಸಿಕೊಂಡು, ಗಾಯ ಮಾಗಿದ ಮೇಲೆ ಹೊರಗೊಂದು ಯಂತ್ರ ಸಿಕ್ಕಿಸಿಕೊಂಡು ಬರುತ್ತೇವೆ. ಯಂತ್ರದ ಬಿಲ್ಲೆ ಆಯಸ್ಕಾಂತದ್ದು, ತಲೆಗೆ ತಾನಾಗಿಯೇ ಕಚ್ಚಿಕೊಂಡು ಕೂರುತ್ತದೆ. ಹೆಂಗಸರು ಅದರ ಮೇಲೊಂದು ಹೂವು ಇಳಿಬಿಟ್ಟು, ಹುಟ್ಟುವಾಗಲೇ ಅದು ಜೊತೆಗಿತ್ತು ಎನ್ನುವ ಹಾಗೆ ಓಡಾಡುತ್ತಾರೆ.

ಇಷ್ಟಕ್ಕೆ ಕಿವಿ ಬಂತು ಎಂದು ಪರಊರಿನವರು ತಿಳಿಯುತ್ತಾರೆ. ಬರುವುದು ಸದ್ದು. ಆ ಸದ್ದಿನಲ್ಲಿ ಗಂಡ ಯಾವುದು, ನಲ್ಲಿ ಯಾವುದು ಎಂದು ತಲೆಗೆ ಗೊತ್ತಾಗುವುದಿಲ್ಲ. ಅದನ್ನು ಕಲಿಸಬೇಕು. ಕಲಿಸುವವರು ಯಾರೆಂದರೆ ವೈರಿಗಳು. ಪ್ರೀತಿಯವರು ಬಾಯಿ ತೆರೆದರೆ ಏನು ಬರುತ್ತದೆಂದು ತಲೆಗೆ ಮೊದಲೇ ಗೊತ್ತು: ಉಂಡಿಯಾ, ಮಲಗಿದಿಯಾ, ಮಾತ್ರೆ ನುಂಗಿದಿಯಾ. ಅಷ್ಟಕ್ಕೆ ತಲೆ ಎದ್ದು ಕೂರುವುದಿಲ್ಲ, ಊಹೆ ಮಾಡಿಕೊಂಡು ಮಗ್ಗುಲು ಬದಲಿಸುತ್ತದೆ. ಆಗದವರು ಬಾಯಿ ತೆರೆದರೆ ಮಾತ್ರ, ಏನಂದರು, ಯಾರಿಗಂದರು, ನನಗೇ ಅಂದರೇನು ಎಂದು ಒಂದಕ್ಷರ ಬಿಡದೆ ಹಿಡಿಯಲು ಒದ್ದಾಡುತ್ತದೆ. ಆದ್ದರಿಂದ ಯಂತ್ರ ಸಿಕ್ಕಿಸುವ ದಿನ ಎದುರಿಗೆ ಒಬ್ಬ ನಿಜವಾದ ವೈರಿ ಕೂರಬೇಕು. ಆಸ್ಪತ್ರೆಯ ಗುಮಾಸ್ತ ಕೇಳುತ್ತಾನೆ, "ಜಗಳ ಐತೇನು?" ಅವರು ಐತಿ ಅನ್ನಬೇಕು. ಆಮೇಲೆ ದಿನಾ ಒಂದು ತಾಸು ಬೈಗುಳ.

ಹೀಗಾಗಿ ನಲವತ್ತೈದು ದಾಟಿದವರು ನಮ್ಮಲ್ಲಿ ಜಗಳಗಳನ್ನು ಹಸುಗೂಸಿನಂತೆ ಜೋಪಾನ ಮಾಡುತ್ತಾರೆ. ಗೋಡೆಯ ತಂಟೆಯಿರುವ ಅಣ್ಣತಮ್ಮಂದಿರ ಹತ್ತಿರ ಯಾರಾದರೂ ರಾಜಿಯ ಮಾತೆತ್ತಿದರೆ, "ಸುಮ್ನಿರ್ರಿ, ಮುಂದಿನ ವರ್ಷ ಕಿವಿ ಹೋಗೂದೈತಿ" ಎಂದು ಇಬ್ಬರೂ ಕೂಡಿ ಅಟ್ಟುತ್ತಾರೆ. ವೈರಿಗೆ ಜ್ವರ ಬಂದರೆ ಎಳನೀರು ಹೋಗುತ್ತದೆ. ವೈರಿ ಸತ್ತರೆ ಅವನ ಹೆಂಡತಿಯನ್ನು ಸಮಾಧಾನ ಮಾಡಲು ಇಬ್ಬರಿದ್ದರೆ ಇವನನ್ನು ಹಿಡಿದುಕೊಳ್ಳಲು ನಾಲ್ವರು ಬೇಕು. ಇನ್ನು ಯಾರೊಂದಿಗೂ ಜಗಳವಾಡದೆ ಸಜ್ಜನರಾಗಿ ಬದುಕಿದವರ ಪಾಡು ಕೇಳಬೇಡಿ. ಕೆರೆಯ ಹತ್ತಿರ ಅವರಿಗೆಂದೇ ಒಂದು ಕಟ್ಟೆಯಿದೆ. ಒಳ್ಳೆಯವರ ಕಟ್ಟೆ ಅನ್ನುತ್ತಾರೆ. ಅಲ್ಲಿ ಕೂತು, ಏನೂ ಕೇಳಿಸದೆ, ದಾರಿಹೋಕರ ತುಟಿ ನೋಡಿ ನಗುತ್ತಿರುತ್ತಾರೆ.

ನನ್ನ ಹೆಸರು ಕಸ್ತೂರೆವ್ವ. ಖಾರ ಕುಟ್ಟುವ ಗಿರಣಿ ನನ್ನದು. ನನ್ನ ಕಿವಿ ಹೋದಾಗ ಊರವರು ನನ್ನನ್ನು ಕಂಡು ಹೊಟ್ಟೆಕಿಚ್ಚುಪಟ್ಟರು. "ನಿನಗೇನವಾ, ಎದುರುಮನ್ಯಾಗ ಸಂಗವ್ವ ಅದಾಳ" ಎಂದು ಸ್ಲೇಟಿನಲ್ಲಿ ಬರೆದು ತೋರಿಸಿದರು. ಅದು ನಿಜ. ಇಡೀ ಊರಿನಲ್ಲಿ ನನ್ನ ವೈರದಷ್ಟು ಹದವಾದ ವೈರ ಇನ್ನೊಂದಿರಲಿಲ್ಲ. ನಾನು, ಸಂಗವ್ವ ಒಂದೇ ಬೆಂಚಿನಲ್ಲಿ ಕೂತು ಅಕ್ಷರ ಕಲಿತವರು, ಎದುರುಬದುರು ಮನೆಗಳಿಗೆ ಸೊಸೆಯರಾಗಿ ಬಂದವರು. ಸಂಜೆಯಾದರೆ ನನ್ನ ಕಟ್ಟೆಯಲ್ಲಿ ಅವಳು, ಇಲ್ಲವೇ ಅವಳ ಕಟ್ಟೆಯಲ್ಲಿ ನಾನು. ಹತ್ತು ವರ್ಷದ ಹಿಂದೆ ನನ್ನ ಮಗಳು ಸುವರ್ಣಾಳನ್ನು ನೋಡಿ ಒಪ್ಪಿದ ಒಂದು ಮನೆತನದವರು, ಪದ್ಧತಿಯಂತೆ ಎದುರುಮನೆಯಲ್ಲಿ ಹುಡುಗಿಯ ಗುಣ ವಿಚಾರಿಸಿದರು. ಸಂಗವ್ವ, "ಹುಡುಗಿ ಭಾಳ ಹಟಮಾರಿ, ನಿಮ್ಮ ಮನ್ಯಾಗ ನಿಲ್ಲಾಕಿ ಅಲ್ಲ" ಅಂದಳು. ಸಂಬಂಧ ಮುರಿಯಿತು. ಮುಂದಿನ ವರ್ಷ ಸುವರ್ಣಾ ತನ್ನ ಜೊತೆ ಕೆಲಸ ಮಾಡುವವನನ್ನು ಮದುವೆಯಾಗಿ ದೂರದ ಊರಿಗೆ ಹೋದಳು. ಸಂಗವ್ವ ಸುಳ್ಳು ಹೇಳಿದ್ದರೆ ಕ್ಷಮಿಸಬಹುದಿತ್ತು. ನನ್ನ ಮಗಳು ಹಟಮಾರಿ ಎನ್ನುವುದು ಊರಿಗೇ ಗೊತ್ತು. ನಿಜ ಹೇಳಿದವರನ್ನು ಯಾರಾದರೂ ಕ್ಷಮಿಸುತ್ತಾರೆಯೇ?

ಅವತ್ತಿನಿಂದ ಅವಳೊಂದಿಗೆ ಮಾತಿಲ್ಲ. ಅವಳ ದನಿಯಿಂದಲೇ ನನ್ನ ಕಿವಿ ತೆರೆಯಬೇಕೆಂದಿದ್ದರೆ ಅದು ಮುಚ್ಚಿಯೇ ಇರಲಿ ಎಂದು ನಾನು ಹಟ ಹಿಡಿದೆ. ಮಗಳು ಯಾರ ಮಗಳು ಎಂದು ಆಗ ನನ್ನ ಗಂಡನಿಗೆ ಖಾತ್ರಿಯಾಯಿತು.

ಆದರೆ ವೈರಿ ಬೇಕಲ್ಲ. ನಾನು ಮಡಿವಾಳಪ್ಪ ಮಾಸ್ತರರ ಕಾಲು ಹಿಡಿದೆ. ಮಾಸ್ತರರು ಇರುವೆ ಕಚ್ಚಿದರೆ ಅದರ ಹಲ್ಲಿಗೆ ನೋವಾಯಿತೇನೋ ಎಂದು ಮರುಗುವ ಜಾತಿಯವರು. ಸಂತೆಯಲ್ಲಿ, ಒಂದು ಕಟ್ಟು ಕೊತ್ತಂಬರಿಗಾಗಿ ನಾವಿಬ್ಬರೂ ಸುಳ್ಳು ಜಗಳವಾಡಿದೆವು. ನಾನು ಕಟ್ಟನ್ನು ಕಿತ್ತುಕೊಂಡೆ, ಅವರು ಬಿಟ್ಟುಕೊಟ್ಟರು, ಮತ್ತೆ ಅವರ ಕೈಗಿಟ್ಟು ಕಿತ್ತುಕೊಂಡೆ, ಮತ್ತೆ ಬಿಟ್ಟರು. ಸುತ್ತ ನಿಂತವರಿಗೆ ಎಲ್ಲ ಗೊತ್ತಾಯಿತು. ನಮ್ಮೂರವರು ಮರ್ಯಾದಸ್ಥರು, ಆದ್ದರಿಂದ ನಂಬಿದವರ ಹಾಗೆ ಮುಖ ಮಾಡಿಕೊಂಡು ನಿಂತರು. ಗುಮಾಸ್ತನೂ ಅದೇ ಮುಖ ಮಾಡಿಕೊಂಡು ಒಪ್ಪಿದ.

ಯಂತ್ರ ಸಿಕ್ಕಿಸಿದ ದಿನ ನನ್ನ ತಲೆಯೊಳಗೆ ಯಾರೋ ಸ್ಟೀಲಿನ ಪಾತ್ರೆಗಳನ್ನೆಲ್ಲ ಒಟ್ಟಿಗೆ ಕೆರೆಯತೊಡಗಿದರು. ಗಂಡ ಬಸಲಿಂಗಪ್ಪ ಏನೋ ಕೇಳಿದ, ಕುಕ್ಕರ್ ಉಸಿರು ಬಿಟ್ಟ ಹಾಗಾಯಿತು. ನನ್ನ ದನಿಯೇ ನನಗೆ ತಗಡಿನ ಡಬ್ಬಿಯೊಳಗೆ ಸಿಕ್ಕ ದುಂಬಿಯಂತೆ ಕೇಳಿತು. ಕಿವಿಯ ಡಾಕ್ಟರು ಶಾಹೀನ್ ಮೇಡಂ ಗಾಬರಿಯಾಗಬೇಡಿ ಎಂದು ಕೈಸನ್ನೆ ಮಾಡಿ, ಸ್ಲೇಟಿನಲ್ಲಿ ಬರೆದರು: "ಯಂತ್ರ ಸರಿ ಇದೆ. ಕಲಿಯಬೇಕಾದ್ದು ನಿಮ್ಮ ಮೆದುಳು. ದಿನವಿಡೀ ಹಾಕಿಕೊಂಡಿರಿ." ನಂತರ ಮಾಸ್ತರರು ನನ್ನೆದುರು ಕೂತು ಬೈಗುಳ ಶುರು ಮಾಡಿದರು. ತುಟಿ ದೊಡ್ಡದಾಗಿ ಅಗಲಿಸಿ, ಒಂದೊಂದೇ ಅಕ್ಷರ ಬಿಡಿಸಿ, "ನೀವು... ಸ್ವಲ್ಪ... ಗಟ್ಟಿ ಸ್ವಭಾವದವರು... ತಪ್ಪು ತಿಳ್ಕೋಬ್ಯಾಡ್ರಿ" ಅಂದರು. ಎಲ್ಲ ಅರ್ಥವಾಯಿತು, ಕಣ್ಣಿಗೆ. ಕಿವಿಗೆ ದುಂಬಿಯೇ.

ತಿಂಗಳುಗಳು ಕಳೆದವು. ನನ್ನ ಜೊತೆಗೆ ಯಂತ್ರ ಹಾಕಿಸಿಕೊಂಡವರು ಆಗಲೇ ಬೀದಿಯಲ್ಲಿ ನಿಂತು ಹರಟುತ್ತಿದ್ದರು. ನನಗೆ ಒಗ್ಗರಣೆಯ ಚಟಪಟ ಒಂದು ಗುರುತು ಸಿಕ್ಕಿತು, ಅದೂ ಸಾಸಿವೆ ಸಿಡಿಯುವುದು ಕಣ್ಣಿಗೆ ಕಾಣುತ್ತಿತ್ತು, ವಾಸನೆ ಮೂಗಿಗೆ ಬರುತ್ತಿತ್ತು ಎನ್ನುವ ಕಾರಣಕ್ಕೆ. ಕಣ್ಣು ಮೂಗು ಸೇರಿ ಕೈಹಿಡಿದು ನಡೆಸಿದರೆ ನನ್ನ ತಲೆ ನಾಲ್ಕು ಹೆಜ್ಜೆ ಬರುತ್ತಿತ್ತು. ಒಂಟಿಯಾಗಿ ಬಿಟ್ಟರೆ ಕೂತುಬಿಡುತ್ತಿತ್ತು.

ಇದರಲ್ಲಿ ನನ್ನನ್ನು ಕಾಡುತ್ತಿದ್ದದ್ದು ಒಂದೇ ಸಂಗತಿ. ಪ್ರತಿ ಭಾನುವಾರ ಸುವರ್ಣಾ ಫೋನು ಮಾಡುತ್ತಿದ್ದಳು. ನಮ್ಮ ಮನೆಯ ಫೋನು ಗೋಡೆಗೆ ಹೊಡೆದದ್ದು. ಫೋನಿನಲ್ಲಿ ತುಟಿ ಕಾಣುವುದಿಲ್ಲ, ಆದ್ದರಿಂದ ಬಸಲಿಂಗಪ್ಪನೇ ಮಾತಾಡಬೇಕು. ಅರ್ಧ ತಾಸು ತಲೆ ಅಲ್ಲಾಡಿಸುತ್ತಾನೆ, ನಗುತ್ತಾನೆ, ಒಮ್ಮೊಮ್ಮೆ ಕಣ್ಣೊರೆಸಿಕೊಳ್ಳುತ್ತಾನೆ. ಇಟ್ಟ ಮೇಲೆ ನಾನು ಸ್ಲೇಟು ಒಡ್ಡಿದರೆ ಬರೆಯುತ್ತಾನೆ: "ಆರಾಮ ಅದಾಳ." ಅರ್ಧ ತಾಸಿನ ಮಗಳು ನನಗೆ ಎರಡು ಶಬ್ದದಲ್ಲಿ ಸಿಗುತ್ತಿದ್ದಳು. ಮನುಷ್ಯ ಎಷ್ಟು ಮಿತಭಾಷಿಯೆಂದರೆ, ಅವಳಿಗೆ ಮಗು ಹುಟ್ಟಿದಾಗಲೂ "ಇಬ್ಬರೂ ಆರಾಮ" ಎಂದೇ ಬರೆದ. ಗಂಡೋ ಹೆಣ್ಣೋ ತಿಳಿಯಲು ಇನ್ನೊಂದು ಸಲ ಸ್ಲೇಟು ಒರೆಸಬೇಕಾಯಿತು. ಮಗಳ ದನಿಯನ್ನು ನಾನೇ ಕೇಳಬೇಕು, ಅವಳು ಅತ್ತರೆ ಅಳು ನನ್ನ ಕಿವಿಗೇ ಬೀಳಬೇಕು ಎನ್ನುವ ಆಸೆ ಬಿಟ್ಟರೆ ನನಗೆ ಬೇರೆ ಆಸೆ ಉಳಿದಿರಲಿಲ್ಲ.

ಒಂದು ದಿನ ಶಾಹೀನ್ ಮೇಡಂ ಬೈಗುಳದ ಹೊತ್ತಿಗೇ ಬಂದರು. ಮಾಸ್ತರರು ಬೈಯುತ್ತ ಬೈಯುತ್ತ ನನಗೆ ತಮ್ಮ ಮನೆಯ ಲಿಂಬೆ ಉಪ್ಪಿನಕಾಯಿಯ ಡಬ್ಬಿ ದಾಟಿಸುತ್ತಿದ್ದರು. ಮೇಡಂ ಡಬ್ಬಿ ನೋಡಿದರು, ನನ್ನನ್ನು ನೋಡಿದರು. ಸ್ಲೇಟಿನ ತುಂಬ ಬರೆದರು: "ಇವರು ಏನು ಹೇಳುತ್ತಾರೆಂದು ನಿಮಗೆ ಮೊದಲೇ ಗೊತ್ತು. ತುಟಿಯೂ ಕಾಣುತ್ತದೆ. ಮೆದುಳಿಗೆ ಕೆಲಸವೆಲ್ಲಿದೆ? ಹೀಗೇ ಆದರೆ ಯಂತ್ರ ಬಿಚ್ಚಿಟ್ಟು ಕೆರೆಕಟ್ಟೆಗೆ ಹೋಗಿ ಕೂರುತ್ತೀರಿ." ಮಾಸ್ತರರು ಅದನ್ನು ಓದಿ ಅತ್ತೇಬಿಟ್ಟರು. ಆ ಅಳುವೂ ನನಗೆ ದುಂಬಿಯಂತೆಯೇ ಕೇಳಿತು.

ಮರುದಿನ ನಾನು ರಸ್ತೆ ದಾಟಿದೆ. ಹತ್ತು ಮಾರಿನ ರಸ್ತೆ, ಹತ್ತು ವರ್ಷದಿಂದ ದಾಟಿರಲಿಲ್ಲ. ಸಂಗವ್ವ ಹೊಸಿಲ ಮೇಲೆ ಅಕ್ಕಿ ಆರಿಸುತ್ತಿದ್ದಳು. ಮೊರದಿಂದ ತಲೆಯೆತ್ತಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಅವಳ ತುಟಿ ನನಗೆ ಸರಿಯಾಗಿ ಕಂಡಿತು: "ಕೊತ್ತಂಬರಿ ಜಗಳ ಮುಗೀತೇನು? ನಾಳಿಂದ ಬರ್ತೀನಿ. ಭಾಳ ಬಾಕಿ ಐತಿ."

ಬಂದಳು. ಎದುರು ಕೂತವಳೇ ಸೆರಗು ತೆಗೆದು ಬಾಯಿಗೆ ಅಡ್ಡ ಹಿಡಿದಳು. ನಾನು ಅದನ್ನು ಇಳಿಸು ಎಂದು ಸನ್ನೆ ಮಾಡಿದರೆ ಕೈಗೆ ಫಟ್ಟನೆ ಹೊಡೆದಳು. ಕಣ್ಣು ಮಾತ್ರ ಕಾಣುತ್ತಿದ್ದವು, ಅವು ಉರಿಯುತ್ತಿದ್ದವು. ಸೆರಗಿನ ಹಿಂದಿನಿಂದ ದುಂಬಿ ಶುರುವಾಯಿತು. ಇವಳು ನನಗೆ ಏನೋ ಅನ್ನುತ್ತಿದ್ದಾಳೆ, ನನಗೆ ತಿಳಿಯುತ್ತಿಲ್ಲ ಎನ್ನುವುದಕ್ಕಿಂತ ದೊಡ್ಡ ಅವಮಾನ ಹೆಂಗಸಿನ ಜನ್ಮಕ್ಕೆ ಬೇರೆ ಇಲ್ಲ. ಅವಳು ಎದ್ದು ಮನೆಗೆ ಹೋದ ಮೇಲೂ ನನ್ನ ತಲೆ ಬಿಡಲಿಲ್ಲ. ಏನಂದಿರಬಹುದು? ಮಗಳ ಮಾತೋ? ಗಿರಣಿಯ ಮಾತೋ? ಅವತ್ತು ರೊಟ್ಟಿ ಬಡಿಯುವಾಗಲೂ ಅದೇ ಗುಂಗು.

ಮೊದಲು ಏರಿಳಿತ ಸಿಕ್ಕಿತು. ಮಾತು ತಿಳಿಯದು, ಆದರೆ ಇದು ಪ್ರಶ್ನೆ, ಇದು ಕುಹಕ, ಇಲ್ಲಿ ಒಂದು "ಥೂ" ಇದೆ ಎಂದು ತಿಳಿಯತೊಡಗಿತು. ಆಮೇಲೆ ಅಲ್ಲಲ್ಲಿ ಒಂದೊಂದು ಶಬ್ದ ಜೊಳ್ಳಿನಲ್ಲಿ ಕಾಳು ಸಿಕ್ಕ ಹಾಗೆ ಸಿಕ್ಕಿತು. ತಾಸು ಮುಗಿಯುವಷ್ಟರಲ್ಲಿ ಮೂಟೆ ಹೊತ್ತವಳಂತೆ ಸುಸ್ತಾಗಿ ಮಲಗಿಬಿಡುತ್ತಿದ್ದೆ. ಕೂತು ಬೈಸಿಕೊಳ್ಳುವುದರಲ್ಲಿ ಇಷ್ಟು ದುಡಿಮೆಯಿದೆ ಎಂದು ನನಗೆ ಗೊತ್ತಿರಲಿಲ್ಲ. ಗಂಡನನ್ನು ಆ ಹೊತ್ತಿನಲ್ಲಿ ಸ್ವಲ್ಪ ಗೌರವದಿಂದ ನೆನೆದೆ.

ಹೀಗಿರುವಾಗ ಒಂದು ಮಧ್ಯಾಹ್ನ ನಾನು ಜಗ್ಗನೆ ಎದ್ದು ನಿಂತು, "ಯಾವ ಬಾಯಿ ಹಂಗಂತು? ನನ್ನ ಖಾರದಾಗ ಒಂದ ತೊಟ್ಟ ಆರಿಸಿ ತೋರಸ!" ಎಂದು ಕಿರುಚಿದೆ. ಬಸಲಿಂಗಪ್ಪ ಒಳಗಿನಿಂದ ಓಡಿಬಂದ. ಸಂಗವ್ವ ಸೆರಗಿನ ಮೇಲಿನಿಂದ ಸುಮ್ಮನೆ ನನ್ನನ್ನು ನೋಡುತ್ತಿದ್ದಳು. ಆಗ ಹೊಳೆಯಿತು. ಅವಳು "ನಿನ್ನ ಖಾರದಾಗ ಮೆಣಸಿನಕಾಯಿಕಿಂತ ತೊಟ್ಟ ಹೆಚ್ಚು" ಅಂದಿದ್ದಳು. ಅದನ್ನು ನಾನು ಕೇಳಿದ್ದೆ. ಕೇಳಿದ್ದೇನೆಂದು ತಿಳಿಯುವ ಮೊದಲೇ ಉತ್ತರ ಕೊಟ್ಟಿದ್ದೆ. ಬಸಲಿಂಗಪ್ಪ ಓಣಿಗೆಲ್ಲ ಸಕ್ಕರೆ ಹಂಚಿದ. ಹೆಂಡತಿಯ ಖಾರಕ್ಕೆ ತೊಟ್ಟು ಸೇರಿದೆ ಎನ್ನುವ ಸುದ್ದಿಯನ್ನು ಸಕ್ಕರೆಯ ಜೊತೆ ಹಂಚಿದ ಗಂಡ ಅವನೊಬ್ಬನೇ ಇರಬೇಕು.

ಅಲ್ಲಿಂದ ಮುಂದೆ ದಾರಿ ಇಳಿಜಾರಾಯಿತು. ಮಾತು ಬಂತು, ಆದರೆ ಮಾತಾಡುವವಳು ಬಂದಿರಲಿಲ್ಲ. ಎಲ್ಲರ ಮಾತೂ ಅದೇ ತಗಡಿನಲ್ಲೇ. ಒಂದು ದಿನ ಸಂಗವ್ವ ನನ್ನ ಅಡುಗೆಯನ್ನು ಬೈಯುತ್ತಿರುವಾಗ, ತಗಡು ಒಮ್ಮೆಲೇ ತೆಳ್ಳಗಾಗಿ, ಒಳಗಿನಿಂದ ಸಂಗವ್ವ ಬಂದಳು. ಅದೇ ಕೊಂಚ ಒಡೆದ ಗಂಟಲು, ಮಾತಿನ ಕೊನೆಗೆ ಉಸಿರು ಎಳೆದುಕೊಳ್ಳುವ ಅದೇ ಚಟ, ಬೆಂಚಿನಲ್ಲಿ ಕೂತು ನನ್ನ ಕಿವಿಯಲ್ಲಿ ಪಿಸುಗುಟ್ಟುತ್ತಿದ್ದ ಅದೇ ಹುಡುಗಿ. ಶಾಹೀನ್ ಮೇಡಂ ಆಮೇಲೆ ಹೇಳಿದರು, "ನೆನಪಿನೊಳಗ ಇದ್ದ ದನಿಗೆ ನಿಮ್ಮ ಮೆದುಳು ಹೊಸ ಸದ್ದು ಜೋಡಿಸಿಕೊಂತು ನೋಡ್ರಿ, ಕಸ್ತೂರೆವ್ವಾರ." ಹಾಗಾದರೆ ಹತ್ತು ವರ್ಷ ನಾನು ಹೊರಗೆ ಹಾಕಿದ್ದೇನೆಂದುಕೊಂಡವಳು ಒಳಗೇ ಕೂತಿದ್ದಳು. ನನಗೆ ಸಂತೋಷ ತಡೆಯಲಾಗಲಿಲ್ಲ. ನಕ್ಕುಬಿಟ್ಟೆ.

ಸಂಗವ್ವನ ಕಣ್ಣು ಕಿರಿದಾದವು. "ನಗತೀ? ನಕ್ಕಿ ಅಂದ್ರ ತಲಿ ಮತ್ತ ಮಲಗತೈತಿ. ಫೋನಿನ್ಯಾಗ ಮಗಳ ಮಾತ ಕೇಳೂದು ಬ್ಯಾಡೇನು?" ಅಂದಳು. ನಾನು ನಗು ನುಂಗಿದೆ. ಮರುದಿನವೂ ಮೂಡಿತು. ಬೈಗುಳ ಕೇಳಲು ಹಿತವೆನಿಸತೊಡಗಿತ್ತು. ಹಿತವಾದಷ್ಟೂ ಮಾತು ಜಾರುತ್ತಿತ್ತು. ಆಗ ಸಂಗವ್ವ ಸೆರಗನ್ನು ಇನ್ನೂ ಬಿಗಿಯಾಗಿ ಹಿಡಿದು, ನೋವಾಗುವ ಜಾಗ ಹುಡುಕಿ ಹೊಡೆದಳು. "ಮಗಳು ನಿನ್ನ ಬಿಟ್ಟು ದೂರ ಹೋಗಿದ್ದ ಚಲೋ ಆತು. ನಿನ್ನಂಥ ಅವ್ವನ ಮುಂದ ಯಾರ ಬಾಯಿ ಬಿಡತಾರ? ಮನಸಿನ್ಯಾಗಿಂದ ಹೇಳಾಕ ಆಕಿ ನನ್ನ ಕಡೆ ಬರಬೇಕಾತು."

ನನ್ನ ನಗು ಹಾರಿಹೋಯಿತು. ಒಂದು ಶಬ್ದವೂ ಜಾರಿರಲಿಲ್ಲ. "ಏನ್ ಹೇಳಿದ್ಲು? ಯಾವಾಗ ಹೇಳಿದ್ಲು?" ಅಂದೆ. ಸಂಗವ್ವ ಈಚೆಗೆ ಮಾಡುತ್ತಿದ್ದ ಹಾಗೆ ನನ್ನ ತುಟಿಯನ್ನೇ ನೋಡಿದಳು. ಹೆಚ್ಚು ಮಾತಾಡಿದವಳಂತೆ ನಾಲಗೆ ಕಚ್ಚಿಕೊಂಡು ಎದ್ದಳು. ನಾನು ಬೆನ್ನ ಹಿಂದಿನಿಂದ ಕೂಗಿದರೂ ತಿರುಗಿ ನೋಡದೆ ರಸ್ತೆ ದಾಟಿಬಿಟ್ಟಳು.

ಭಾನುವಾರ ಫೋನು ಬಡಿದಾಗ ಬಸಲಿಂಗಪ್ಪನನ್ನು ಪಕ್ಕಕ್ಕೆ ನೂಕಿ ನಾನೇ ಎತ್ತಿದೆ. ಬಿಲ್ಲೆಯ ಹತ್ತಿರ ಹಿಡಿದು, "ನಾನ, ನಿಮ್ಮವ್ವ" ಅಂದೆ. ಆಚೆಯಿಂದ ತಡೆತಡೆದು ಒಂದು ಸದ್ದು ಬಂತು, ಯಾರೂ ನನಗೆ ಕಲಿಸಿರಲಿಲ್ಲ, ಆದರೂ ತಿಳಿಯಿತು. ಸುವರ್ಣಾ ಅಳುತ್ತಿದ್ದಳು. ಮಗಳ ಅಳು ಕೇಳಿ ಅಷ್ಟು ಸುಖಪಟ್ಟ ತಾಯಿ ಇನ್ನೊಬ್ಬಳಿರಲಾರಳು. ಇಬ್ಬರೂ ಮೂಗೊರೆಸಿಕೊಂಡ ಮೇಲೆ ಕೇಳಿದೆ, ಸಂಗವ್ವನ ಹತ್ತಿರ ಏನು ಹೇಳಿದ್ದೆ ಎಂದು.

"ಆ ಸಂಬಂಧ ತಪ್ಪಸು ಅಂತ ನಾನ ಸಂಗವ್ವ ಚಿಗವ್ವನ ಕಾಲ ಹಿಡಕೊಂಡಿದ್ದೆ, ಯವ್ವಾ" ಅಂದಳು ಸುವರ್ಣಾ. "ನನಗ ಇವರ ಮ್ಯಾಲ ಮನಸಿತ್ತು. ನಿನಗ ಹೇಳಾಕ ಹೆದರಿಕಿ. ಯಾರ ಮುಂದೂ ಬಾಯಿ ಬಿಡಬ್ಯಾಡ ಅಂತ ಆಣಿ ಹಾಕಿಸಿದ್ದೆ. ನೀವಿಬ್ರು ನಾಕ ದಿನದಾಗ ಕೂಡ್ತೀರಿ ಅನ್ಕೊಂಡಿದ್ದೆ."

ಹತ್ತು ವರ್ಷ ನಾನು ಉಪ್ಪು ಖಾರ ಹಾಕಿ ಸಾಕಿದ ಜಗಳ ಒಂದು ಫೋನಿನಲ್ಲಿ ಸತ್ತುಹೋಯಿತು. ಬೆಳಗ್ಗೆ ಎದ್ದು ಬಾಗಿಲು ತೆರೆದೆ. ಸಂಗವ್ವ ನನಗೆ ಬೆನ್ನು ಹಾಕಿ ಅಂಗಳ ಗುಡಿಸುತ್ತಿದ್ದಳು. "ಸಂಗೀ" ಎಂದು ಕರೆದೆ, ಶಾಲೆಯಲ್ಲಿ ಕರೆಯುತ್ತಿದ್ದ ಹೆಸರು. ಅವಳು ಗುಡಿಸುತ್ತಲೇ ಇದ್ದಳು. ಬೇಕಂತಲೇ ಕೇಳದವಳ ಹಾಗೆ ನಟಿಸುತ್ತಾಳೆ ಎಂದುಕೊಂಡು ಇನ್ನಷ್ಟು ಜೋರಾಗಿ ಕೂಗಿದೆ. ನಾಲ್ಕು ಮನೆಯ ಕಿಟಕಿ ತೆರೆದವು. ಅವಳು ಮಾತ್ರ ತಿರುಗಲಿಲ್ಲ. ಆಗ, ನಾನು ಪ್ರಶ್ನೆ ಕೇಳಿದಾಗ ಅವಳು ಸುಮ್ಮನೆ ಎದ್ದುಹೋದದ್ದು, ಇತ್ತೀಚೆಗೆ ನನ್ನ ತುಟಿಯನ್ನೇ ನೋಡುತ್ತಿದ್ದದ್ದು ಎಲ್ಲ ಒಟ್ಟಿಗೆ ಅರ್ಥವಾಯಿತು. ನನ್ನ ಕಿವಿ ತೆರೆಸುತ್ತ ತೆರೆಸುತ್ತ ಅವಳ ಕಿವಿ ಹೋಗಿತ್ತು.

ಅವಳಿಗೂ ಕೊಯ್ದು ತಂತಿ ಇಟ್ಟರು. ಆದರೆ ಎದುರು ಕೂರುವವರು ಯಾರು? ಸಂಗವ್ವನನ್ನು ಕಂಡರೆ ಊರಿಗೆಲ್ಲ ಅಕ್ಕರೆ. ಆಕೆಯ ಬದುಕಿನಲ್ಲಿ ಇದ್ದ ಒಬ್ಬಳೇ ವೈರಿ ನಾನು, ಆ ವೈರವನ್ನೂ ನನ್ನ ಗಂಡ ಓಣಿಯುದ್ದಕ್ಕೂ "ಬಗಿಹರೀತು, ಬಗಿಹರೀತು" ಎಂದು ಸಾರಿ ಮುಗಿಸಿದ್ದ. ಮಗಳ ವಿಷಯಕ್ಕೆ ಎರಡೇ ಶಬ್ದ ಖರ್ಚು ಮಾಡುತ್ತಿದ್ದವನಿಗೆ ಅವತ್ತು ಎಲ್ಲಿಲ್ಲದ ವಾಗ್ಬಲ ಬಂದಿತ್ತು. ಕೆರೆಯ ಕಟ್ಟೆಯ ಮೇಲೆ ಒಳ್ಳೆಯವರು ಆಗಲೇ ಸಂಗವ್ವನಿಗೆಂದು ಒತ್ತೊತ್ತಾಗಿ ಸರಿದು ಜಾಗ ಮಾಡಿದ್ದರಂತೆ. ಒಳ್ಳೆಯವರ ಒಳ್ಳೆಯತನ ನೋಡಿ ನನಗೆ ಮೈಯುರಿಯಿತು.

ಯಂತ್ರ ಸಿಕ್ಕಿಸುವ ದಿನ ನಾನೇ ಹೋಗಿ ಎದುರು ಕೂತೆ. ಗುಮಾಸ್ತ ನನ್ನನ್ನು ನೋಡಿ ಕೆಮ್ಮಿದ. "ನಿಮ್ಮದು ಬಗಿಹರೀತಂತಲ್ಲ, ಕಸ್ತೂರೆವ್ವಾರ. ಜಗಳ ಐತೇನು?"

ಬಾಯಿ ತೆರೆದೆ. ನಾಲಗೆಯ ತುದಿಗೆ ಬಂದದ್ದು "ನೀನು... ಸ್ವಲ್ಪ... ಗಟ್ಟಿ ಸ್ವಭಾವದಾಕಿ", ಮಡಿವಾಳಪ್ಪ ಮಾಸ್ತರರೇ ಒಳಗೆ ಹೊಕ್ಕ ಹಾಗೆ. ಶಾಹೀನ್ ಮೇಡಂ ಬಿಲ್ಲೆ ಹಿಡಿದು ಕಾಯುತ್ತಿದ್ದರು. ಸಂಗವ್ವ ಏನೂ ಕೇಳಿಸದೆ, ನಮ್ಮೆಲ್ಲರ ತುಟಿಗಳನ್ನು ಒಂದೊಂದಾಗಿ ನೋಡುತ್ತ, ಆ ಕಟ್ಟೆಯವರ ಹಾಗೆಯೇ ನಗುತ್ತಿದ್ದಳು. ಸಂಗವ್ವ ಹಾಗೆ ಹೆಡ್ಡಿಯಂತೆ ನಕ್ಕದ್ದನ್ನು ನಾನು ಎಂದೂ ನೋಡಿರಲಿಲ್ಲ. ಆ ನಗು ನೋಡುತ್ತ ನೋಡುತ್ತ ನನಗೆ ಹತ್ತು ವರ್ಷದ ಸಂಜೆಗಳು ನೆನಪಾದವು. ನನ್ನ ಕಟ್ಟೆಯಲ್ಲಿ ನಾನೊಬ್ಬಳೇ, ಅವಳ ಕಟ್ಟೆಯಲ್ಲಿ ಅವಳೊಬ್ಬಳೇ. ನನ್ನ ಅತ್ತೆ ಸತ್ತ ದಿನ ಆಚೆ ನಿಂತು ನೋಡಿದಳು, ಒಳಗೆ ಬರಲಿಲ್ಲ. ಅವಳ ಮಗನ ಮದುವೆಯ ಊಟದ ವಾಸನೆ ನನ್ನ ಮನೆಯೊಳಗೆ ಬಂತು, ಕರೆ ಬರಲಿಲ್ಲ. ಒಂದೇ ಒಂದು ಮಾತು ಅಂದಿದ್ದರೆ ಸಾಕಿತ್ತು. ಅವಳಿಗೆ ಆಣೆ ದೊಡ್ಡದಾಯಿತು, ನಾನು ಚಿಕ್ಕವಳಾದೆ. ಹೊಟ್ಟೆಯ ಬುಡದಿಂದ ಸಿಟ್ಟು ಎದ್ದು ಬಂತು, ಬಿಸಿಬಿಸಿ, ಎಲ್ಲೂ ಬೆರಕೆಯಿಲ್ಲದ್ದು.

"ಐತಿ" ಅಂದೆ. "ಬೇಕಾದಷ್ಟ ಐತಿ. ಹಚ್ಚರಿ ಮೇಡಂ."

ಸೆರಗನ್ನು ಬಾಯಿಗೆ ಅಡ್ಡ ಹಿಡಿದೆ. ಬಿಲ್ಲೆ ಕಚ್ಚಿಕೊಂಡಿತು. ಸಂಗವ್ವನ ಮುಖ ಕಿವುಚಿಕೊಂಡಿತು, ಅವಳ ತಲೆಯೊಳಗೂ ಪಾತ್ರೆ ಕೆರೆಯಲು ಶುರುವಾಗಿರಬೇಕು. "ಕಟುಕಿ" ಅಂದೆ. "ಹತ್ತ ವರ್ಷ ಎದುರಿಗೆ ಕೂತು ನನ್ನ ಜೋಡಿ ಮಾತಾಡದ ಹೆಂಗ ಇದ್ದಿ? ನೀ ಇಲ್ಲದ ನನ್ನ ಸಂಜಿಗೆ ರುಚಿನ ಇರಲಿಲ್ಲ. ಒಂದ ಮಾತ ಹೇಳಿದ್ರ ನಿನ್ನ ಗಂಟ ಏನ ಹೋಗತಿತ್ತು? ನಿನ್ನ ಆಣಿಗಿ ಬೆಂಕಿ ಹತ್ತಲಿ. ನನ್ನ ಹತ್ತ ವರ್ಷ ನನಗ ತಿರುಗಿ ಕೊಡ!" ಇನ್ನೂ ಏನೇನೋ ಅಂದೆ. ಸೆರಗು ಬಾಯಿಗೆಂದು ಹಿಡಿದದ್ದು, ನಡುವೆ ಕಣ್ಣಿಗೂ ಬೇಕಾಯಿತು. ಗುಮಾಸ್ತ ಕಿಟಕಿಯ ಕಡೆ ತಿರುಗಿ ನಿಂತ.

ನಾನು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದೆ. ಸಂಗವ್ವ ಸೆರಗಿನ ಮೇಲಿದ್ದ ನನ್ನ ಕಣ್ಣನ್ನೇ ನೋಡುತ್ತಿದ್ದಳು. ಹೆಡ್ಡ ನಗು ಹೋಗಿತ್ತು. ಏನೋ ಹುಡುಕುವವಳ ಹಾಗೆ ಕತ್ತು ಮುಂದೆ ಚಾಚಿ, ತನ್ನ ದನಿ ತನಗೇ ಹಿಡಿಸದೆ ಮುಖ ಸಿಂಡರಿಸಿಕೊಂಡು ಅಂದಳು:

"ಒಂದೂ ತಿಳೀಲಿಲ್ಲ, ಕಸ್ತೂರಿ. ಇನ್ನೊಮ್ಮೆ ಬೈ."

ನಾನು ಮೊದಲಿನಿಂದ ಶುರು ಮಾಡಿದೆ.